ತವರಿನ ಕೌದಿಯಲ್ಲಿ ಹದಿನಾಲ್ಕು ಸಾವಿರ ಹೊಲಿಗೆ

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಮೊದಲು ಸಿದ್ಧವಾಗುವುದು ಪಟ್ಟಿ. ಕಲ್ಯಾಣ ಮಂಟಪ, ಅಡುಗೆಯವರು, ಲಗ್ನಪತ್ರಿಕೆ, ಬಂಗಾರ, ಜವಳಿ, ಬೀಗರಿಗೆ ಉಡುಗೊರೆ ಎಂದು ಅದು ಬೆಳೆಯುತ್ತಲೇ ಹೋಗುತ್ತದೆ. ಬರೆದ ಪ್ರತಿಯೊಂದರ ಎದುರಿಗೂ ಒಂದು ಮೊತ್ತ ಇರುತ್ತದೆ. ಮನೆಯವರೇ ಕೂತು ಕೈಯಾರೆ ಮಾಡಬೇಕಾದದ್ದು ಎಂಬ ಬಾಬು ಈಗಿನ ಪಟ್ಟಿಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ಅದೇ ಹೊತ್ತಿಗೆ ಅಟ್ಟದ ಮೇಲಿನ ಟ್ರಂಕು ಖಾಲಿಯಾಗುತ್ತದೆ. ಮದುವೆಗೆಂದು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಜ್ಜಿಯ ನೂಲಿನ ಸೀರೆಗಳು, ಅಜ್ಜನ ಧೋತರ, ಅಮ್ಮ ಹೊಸದಾಗಿ ಬಂದಾಗ ಉಟ್ಟಿದ್ದ ಇಳಕಲ್ ಸೀರೆ ಎಲ್ಲವೂ ಹೊರಗೆ ಬರುತ್ತವೆ. ‘ಹಳೇ ಬಟ್ಟೆಗೆ ಪಾತ್ರೆ’ ಎಂದು ಕೂಗುತ್ತ ಬೀದಿಗೆ ಬಂದವರ ಬುಟ್ಟಿಗೆ ಅವು ಬೀಳುತ್ತವೆ. ನಾಲ್ಕಾರು ಸೀರೆಗೆ ಪ್ರತಿಯಾಗಿ ಒಂದು ಸ್ಟೀಲ್ ಡಬ್ಬಿ ಮನೆ ಸೇರುತ್ತದೆ. ವ್ಯಾಪಾರ ಮುಗಿಯಿತು.

ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಈ ಟ್ರಂಕಿನ ಅರಿವೆಗೆ ಬೇರೆಯದೇ ದಾರಿಯಿತ್ತು. ಅದು ಕೌದಿಯಾಗುತ್ತಿತ್ತು. ಮಗಳು ಗಂಡನ ಮನೆಗೆ ಹೊರಟಾಗ ಹಾಸಿಗೆಯ ಜೊತೆ ತವರಿನ ಕೌದಿಯೂ ಹೋಗುತ್ತಿತ್ತು. ಬಾಣಂತನಕ್ಕೆ ಬಂದು ಮರಳಿ ಹೋಗುವಾಗ ಕೂಸಿಗೊಂದು ಪುಟ್ಟ ತೊಟ್ಟಿಲ ಕೌದಿ ಸಿಗುತ್ತಿತ್ತು. ಈ ರೂಢಿ ಪೂರ್ತಿ ಅಳಿದಿಲ್ಲ. ಆದರೆ ಹೊಲಿಯಬಲ್ಲ ಕೈಗಳು ಮುಪ್ಪಾಗುತ್ತಿವೆ, ಕಲಿಯುವ ಕೈಗಳು ಕಡಿಮೆಯಾಗುತ್ತಿವೆ. ಹಳೆಯ ಬಟ್ಟೆಯನ್ನು ತೇಪೆ ಹಾಕಿ ಹೊದೆಯುವುದು ಬಡತನದ ಗುರುತು ಎಂದು ತಿಳಿದವರೂ ಉಂಟು. ಈ ತಿಳಿವಳಿಕೆ ಎಷ್ಟು ತಪ್ಪು ಎಂಬುದು ಕೌದಿಯನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಶಾಲೆಯಲ್ಲಿ ಓದುವ ಮಕ್ಕಳಿಗಂತೂ ಅದರಲ್ಲಿ ವಿಜ್ಞಾನದ ಒಂದು ಅಧ್ಯಾಯ, ಗಣಿತದ ಎರಡು ಅಧ್ಯಾಯ ಸಿಗುತ್ತವೆ.

ಕೌದಿ ಎಂದರೆ

ಹಳೆಯ ಹತ್ತಿ ಬಟ್ಟೆಗಳನ್ನು ಪದರು ಪದರಾಗಿ ಹಾಸಿ, ಮೇಲೊಂದು ಕೆಳಗೊಂದು ಚೆನ್ನಾದ ಬಟ್ಟೆ ಇಟ್ಟು, ಎಲ್ಲವನ್ನೂ ಸೇರಿಸಿ ಉದ್ದಕ್ಕೆ ಸಾಲು ಸಾಲಾಗಿ ಕೈಯಿಂದ ಹೊಲಿದರೆ ಕೌದಿ. ಕವದಿ, ಕೌಂದಿ ಎಂದೂ ಕರೆಯುವುದುಂಟು. ಇದಕ್ಕೆ ಬೇಕಾದ ಹೊಲಿಗೆ ಒಂದೇ. ಸೂಜಿ ಬಟ್ಟೆಯೊಳಗೆ ಇಳಿದು, ಸ್ವಲ್ಪ ಮುಂದೆ ಏಳುತ್ತ ಹೋಗುವ ಅತಿ ಸರಳವಾದ ಹೊಲಿಗೆ. ದರ್ಜಿಗಳು ಇದನ್ನು ರನ್ನಿಂಗ್ ಹೊಲಿಗೆ ಎನ್ನುತ್ತಾರೆ. ಹತ್ತು ವರ್ಷದ ಮಗು ಅರ್ಧ ತಾಸಿನಲ್ಲಿ ಕಲಿಯಬಹುದು.

ಸರಳ ಹೊಲಿಗೆಯಾದರೂ ಕೌದಿಗೆ ಅಂದವಿಲ್ಲ ಎನ್ನುವಂತಿಲ್ಲ. ಸೀರೆಯ ದಡಿಯನ್ನು ಕತ್ತರಿಸಿ ನಾಲ್ಕೂ ಕಡೆ ಚೌಕಟ್ಟಿನಂತೆ ಕೂಡಿಸುತ್ತಾರೆ. ಸೆರಗಿನ ತುಂಡನ್ನು ನಡುವೆ ಇಡುತ್ತಾರೆ. ಕುಪ್ಪಸಕ್ಕೆ ತಂದು ಉಳಿದ ಗುಳೇದಗುಡ್ಡ ಖಣದ ಚೂರುಗಳನ್ನು ತ್ರಿಕೋನವಾಗಿ, ಚೌಕವಾಗಿ ಮಡಚಿ ಅಲ್ಲಲ್ಲಿ ಹಚ್ಚುತ್ತಾರೆ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳೂ ಇದ್ದಾರೆ. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಅಥವಾ ಗುಡಿಯ ಅಂಗಳದಲ್ಲಿ ಬಟ್ಟೆ ಹಾಸಿಕೊಂಡು ಕೂತರೆ ಓಣಿಯ ಅರ್ಧ ಜನ ಸುತ್ತ ಸೇರುತ್ತಾರೆ.

ಇಂಥ ಹೊದಿಕೆ ಕನ್ನಡ ನಾಡಿನದೊಂದೇ ಸ್ವತ್ತಲ್ಲ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಎಲ್ಲ ಇದರ ಅಕ್ಕತಂಗಿಯರು. ಕಾಂಥಾ ಹೊಲಿಯುವವರು ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಬಿಚ್ಚಿಕೊಂಡು ಅದನ್ನೇ ದಾರವಾಗಿ ಬಳಸುತ್ತಿದ್ದರು. ದೂರದ ಅಮೆರಿಕದಲ್ಲೂ ಮದುವೆಗೆಂದೇ ಹೊಲಿಯುವ ಹೊದಿಕೆಗಳಿವೆ. ಒಂದಕ್ಕೊಂದು ಕೊಂಡಿಯಾದ ಉಂಗುರಗಳ ‘ಡಬಲ್ ವೆಡ್ಡಿಂಗ್ ರಿಂಗ್’ ಎಂಬ ವಿನ್ಯಾಸ ಅಲ್ಲಿ 1930ರ ದಶಕದಲ್ಲಿ ಬಲು ಜನಪ್ರಿಯವಾಗಿತ್ತು. ಹೊಸ ಸಂಸಾರಕ್ಕೆ ಹಳೆಯ ಮನೆಯ ಬಟ್ಟೆಯ ಬೆಚ್ಚಗೆ ಕೊಟ್ಟು ಕಳಿಸಬೇಕೆಂಬ ಆಸೆ ಹಲವು ನಾಡುಗಳಲ್ಲಿ ಹುಟ್ಟಿದೆ.

ಸಿದ್ದಿಯರ ಹೂವು

ಕರ್ನಾಟಕದಲ್ಲೇ ಕೌದಿಗೆ ಇನ್ನೊಂದು ಮನೆತನವಿದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನ ವಾಸವಾಗಿದ್ದಾರೆ. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು. 2003ರಲ್ಲಿ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಈ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಕ್ರಮವೇ ಬೇರೆ.

ಬಯಲುಸೀಮೆಯ ಕೌದಿಯಲ್ಲಿ ಸಾಮಾನ್ಯವಾಗಿ ಹೊಲಿಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಸಾಲಾಗಿ ಸಾಗುತ್ತದೆ. ಸಿದ್ದಿ ಹೆಂಗಸರು ಒಂದು ಮೂಲೆಯಲ್ಲಿ ಶುರುಮಾಡಿ ಅಂಚಿನ ಗುಂಟ ಸುತ್ತು ಹಾಕುತ್ತ, ಹೋದ ಹಾಗೆ ತೇಪೆಗಳನ್ನು ಸೇರಿಸುತ್ತ, ಸುತ್ತಿನೊಳಗೆ ಸುತ್ತಾಗಿ ನಡುವಿನ ಕಡೆಗೆ ಬರುತ್ತಾರೆ. ಮೊದಲೇ ಬರೆದುಕೊಂಡ ನಕ್ಷೆ ಇರುವುದಿಲ್ಲ. ಯಾವ ಚೂರಿನ ಪಕ್ಕ ಯಾವುದು ಚೆನ್ನ ಎಂಬುದನ್ನು ಕಣ್ಣೇ ನಿರ್ಧರಿಸುತ್ತದೆ. ಕ್ರೈಸ್ತ ಸಿದ್ದಿಯರ ಕೌದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕೌದಿಗಳಲ್ಲಿ ಅರ್ಧಚಂದ್ರ ಕೆಲವೊಮ್ಮೆ ಕಾಣುತ್ತವೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಹಚ್ಚುತ್ತಾರೆ. ಅದಕ್ಕೆ ‘ಫುಲಾ’ ಎಂದು ಹೆಸರು, ಅಂದರೆ ಹೂವು. ಹೂವಿಲ್ಲದ ಕೌದಿ ಬರಿಮೈಯಲ್ಲಿದ್ದಂತೆ ಎಂಬುದು ಅವರ ಭಾವನೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಗುಂಪೊಂದು ರೂಪುಗೊಂಡಿತು. ಮನೆಯ ಮಕ್ಕಳಿಗೆ ಹೊದಿಸಲು ಹೊಲಿದದ್ದು ಮ್ಯೂಸಿಯಂ ಗೋಡೆಯ ಮೇಲೆ ಚಿತ್ರಕಲೆಯಂತೆ ತೂಗಿತು. ನಮ್ಮದೇ ಜಿಲ್ಲೆಯ ವಸ್ತುವಿನ ಬೆಲೆ ನಮಗೆ ತಿಳಿಯಲು ಅದು ಸಮುದ್ರ ದಾಟಿ ಹೋಗಬೇಕಾಯಿತು.

ಬೆಚ್ಚಗೆ ಇಡುವುದು ಯಾವುದು?

ಕೌದಿ ಬೆಚ್ಚಗಿರುತ್ತದೆ ಎನ್ನುತ್ತೇವೆ. ನಿಜವಾಗಿ ಬೆಚ್ಚಗಿರುವುದು ಹೊದ್ದ ಮನುಷ್ಯ. ಮಲಗಿದ ವಯಸ್ಕನ ದೇಹ ಸುಮಾರು 70ರಿಂದ 80 ವಾಟ್‌ನಷ್ಟು ಶಾಖವನ್ನು ಸದಾ ಹೊರಬಿಡುತ್ತಿರುತ್ತದೆ. ಹೆಚ್ಚುಕಡಿಮೆ ಹಳೆಯ ಕಾಲದ ಒಂದು ವಿದ್ಯುತ್ ಬಲ್ಬಿನಷ್ಟು. ಕೌದಿ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಬೇಗ ಓಡಿಹೋಗದಂತೆ ತಡೆಯುತ್ತದೆ.

ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಬಟ್ಟೆಯ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದೆ ನಿಂತ ಗಾಳಿಯಷ್ಟು ಕೆಟ್ಟ ಶಾಖವಾಹಕಗಳು ಮನೆಯಲ್ಲಿ ಹೆಚ್ಚಿಲ್ಲ. ಆದರೆ ಗಾಳಿ ನಿಲ್ಲಬೇಕು. ಬರಿಯ ಮೂರು ಸೀರೆಗಳನ್ನು ಒಂದರ ಮೇಲೊಂದು ಹೊದ್ದರೆ ಮಗ್ಗುಲು ಬದಲಿಸಿದಾಗಲೆಲ್ಲ ಪದರಗಳು ಸರಿದು ಒಳಗಿನ ಬೆಚ್ಚನೆಯ ಗಾಳಿ ಹೊರಗೆ ಹೋಗುತ್ತದೆ. ಹೊಲಿಗೆಯ ಸಾಲುಗಳು ಪದರಗಳನ್ನು ಒಂದು ಬೆರಳಿನ ಅಂತರದಲ್ಲಿ ಕಟ್ಟಿ ಹಾಕುತ್ತವೆ. ಎರಡು ಸಾಲುಗಳ ನಡುವಿನ ಬಟ್ಟೆ ತುಸು ಉಬ್ಬಿ ನಿಲ್ಲುತ್ತದೆ. ಪ್ರತಿ ಉಬ್ಬೂ ಗಾಳಿಯ ಒಂದು ಪುಟ್ಟ ಕೋಣೆ.

ಸಾಲುಗಳ ಅಂತರಕ್ಕೂ ಲೆಕ್ಕವಿದೆ. ತೀರ ಒತ್ತೊತ್ತಾಗಿ ಹೊಲಿದರೆ ಪದರಗಳು ಅಂಟಿಕೊಂಡು ಗಾಳಿಗೆ ಜಾಗ ಉಳಿಯುವುದಿಲ್ಲ, ಕೌದಿ ಗಟ್ಟಿಯಾಗುತ್ತದೆ, ಬೆಚ್ಚಗೆ ಕಡಿಮೆಯಾಗುತ್ತದೆ. ತೀರ ದೂರವಾದರೆ ನಾಲ್ಕು ಸಲ ಒಗೆಯುವುದರೊಳಗೆ ಒಳಪದರ ಸರಿದು ಮೂಲೆಯಲ್ಲಿ ಮುದ್ದೆಯಾಗುತ್ತದೆ. ಒಂದು ಬೆರಳು ಎಂಬ ಅಜ್ಜಿಯರ ಅಳತೆ ಇವೆರಡರ ನಡುವೆ ಸರಿಯಾಗಿ ಬರುತ್ತದೆ.

ಹಳೆಯ ಬಟ್ಟೆಯೇ ಯಾಕೆ? ಮಿತವ್ಯಯ ಒಂದು ಕಾರಣ, ಅದೊಂದೇ ಅಲ್ಲ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಮೊದಲ ಕೆಲವು ಒಗೆತಗಳಲ್ಲಿ ಅದು ಕುಗ್ಗುತ್ತದೆ. ಹಳೆಯದರ ಜೊತೆ ಹೊಸದನ್ನು ಸೇರಿಸಿ ಹೊಲಿದರೆ ಹೊಸದು ಕುಗ್ಗಿ ಇಡೀ ಕೌದಿಯನ್ನು ಸೊಟ್ಟಗೆ ಎಳೆಯುತ್ತದೆ. ನೂರಾರು ಸಲ ಒಗೆದ ಸೀರೆ ಕುಗ್ಗುವಷ್ಟು ಕುಗ್ಗಿ ಮೆತ್ತಗಾಗಿರುತ್ತದೆ, ಸೂಜಿ ಸಲೀಸಾಗಿ ಹಾಯುತ್ತದೆ. ಹತ್ತಿ ಬೆವರಿನ ತೇವವನ್ನೂ ಹೀರುತ್ತದೆ. 100 ಗ್ರಾಂ ಒಣ ಹತ್ತಿ ಸಾಮಾನ್ಯ ಹವೆಯಲ್ಲೇ 7–8 ಗ್ರಾಂ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಹಿಡಿದರೆ ಹೆಚ್ಚು.

ಇದೇ ಗುಣ ಕೌದಿಯ ದೌರ್ಬಲ್ಯವೂ ಹೌದು. ನೀರು ನಿಂತ ಗಾಳಿಗಿಂತ ಸುಮಾರು 23 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ತೇವವಾದ ಕೌದಿಯಲ್ಲಿ ಗಾಳಿಯ ಕೋಣೆಗಳನ್ನು ನೀರು ಆಕ್ರಮಿಸಿಕೊಳ್ಳುವುದರಿಂದ ಅದು ತಣ್ಣಗೆ ಕೊರೆಯುತ್ತದೆ. ಆಗಾಗ ಬಿಸಿಲಿಗೆ ಹಾಕಿ ಕೊಡವಬೇಕು ಎಂದು ಹಿರಿಯರು ಹೇಳುವುದರ ಒಳಗುಟ್ಟು ಇದು.

ಇದನ್ನು ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ನಾಲ್ಕು ಸ್ಟೀಲ್ ಲೋಟಗಳಿಗೆ ಸಮನಾಗಿ ಬಿಸಿನೀರು ತುಂಬಿ ಮುಚ್ಚಬೇಕು. ಬಿಸಿನೀರು ಸುರಿಯುವಾಗ ದೊಡ್ಡವರು ಜೊತೆಗಿರಬೇಕು. ಒಂದನ್ನು ಹಾಗೇ ಬಿಟ್ಟು, ಎರಡನೆಯದಕ್ಕೆ ಒಂದೇ ಪದರದ ಬಟ್ಟೆ, ಮೂರನೆಯದಕ್ಕೆ ಕೌದಿಯ ತುಂಡು, ನಾಲ್ಕನೆಯದಕ್ಕೆ ಒದ್ದೆ ಮಾಡಿ ಹಿಂಡಿದ ಕೌದಿಯ ತುಂಡು ಸುತ್ತಬೇಕು. 10 ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನಾಲ್ಕು ಗೆರೆಗಳು ನಾಲ್ಕು ಕಥೆ ಹೇಳುತ್ತವೆ.

ಲೆಕ್ಕ ಹಾಕಿದರೆ

ಆರುವಾರಿ ಸೀರೆ ಸುಮಾರು 5.5 ಮೀಟರ್ ಉದ್ದ, 1.15 ಮೀಟರ್ ಅಗಲ ಇರುತ್ತದೆ. ಅದನ್ನು 1.8 ಮೀಟರಿನಂತೆ ಕತ್ತರಿಸಿದರೆ ಮೂರು ತುಂಡುಗಳಾಗುತ್ತವೆ. ಒಂದರ ಮೇಲೊಂದು ಇಟ್ಟರೆ ಒಬ್ಬರು ಹೊದೆಯುವಷ್ಟು ಮೂರು ಪದರದ ಕೌದಿಗೆ ಬಟ್ಟೆ ಸಿದ್ಧ. ಎರಡು ಸೀರೆ ಸೇರಿಸಿದರೆ ಆರು ಪದರ, ಚಳಿಗಾಲಕ್ಕೆ ಸಾಕು.

ಸಾಲಿನಿಂದ ಸಾಲಿಗೆ 1.5 ಸೆಂಟಿಮೀಟರ್ ಅಂತರ ಇಟ್ಟರೆ 1.15 ಮೀಟರ್ ಅಗಲದಲ್ಲಿ 77 ಸಾಲುಗಳು ಬರುತ್ತವೆ. ಒಂದು ಹೊಲಿಗೆಗೆ 1 ಸೆಂಟಿಮೀಟರ್ ಎಂದು ಹಿಡಿದರೆ ಪ್ರತಿ ಸಾಲಿಗೆ 180 ಹೊಲಿಗೆ. 77ನ್ನು 180ರಿಂದ ಗುಣಿಸಿದರೆ 13,860. ಒಬ್ಬರ ಹೊದಿಕೆಗೆ ಹೆಚ್ಚುಕಡಿಮೆ ಹದಿನಾಲ್ಕು ಸಾವಿರ ಹೊಲಿಗೆ! ಹೊಲಿಗೆಯ ಸಾಲುಗಳ ಒಟ್ಟು ಉದ್ದ ಸುಮಾರು 138 ಮೀಟರ್.

ಇಲ್ಲೊಂದು ಸ್ವಾರಸ್ಯವಿದೆ. ನೇರ ಸಾಲಿನ ಬದಲು ಸಿದ್ದಿಯರಂತೆ ಸುತ್ತು ಸುತ್ತಾಗಿ ಹೊಲಿದರೆ ದಾರ ಹೆಚ್ಚು ಬೇಕೇ, ಕಡಿಮೆ ಬೇಕೇ? ಅಂತರ ಅಷ್ಟೇ ಇದ್ದರೆ ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ ದಾರ ಬೇಕು. ಪ್ರತಿ ಸಾಲೂ ತನ್ನ ಪಾಲಿಗೆ 1.5 ಸೆಂಟಿಮೀಟರ್ ಅಗಲದ ಒಂದು ಪಟ್ಟಿಯನ್ನು ಕಾಯುತ್ತದೆ ಎಂದುಕೊಂಡರೆ ಇದು ತಿಳಿಯುತ್ತದೆ. ಕೌದಿಯ ಒಟ್ಟು ವಿಸ್ತೀರ್ಣ 2.07 ಚದರ ಮೀಟರ್. ಅದನ್ನು 0.015 ಮೀಟರಿನಿಂದ ಭಾಗಿಸಿದರೆ ಮತ್ತೆ 138 ಮೀಟರೇ ಬರುತ್ತದೆ. ದಾರಿ ಹೇಗೇ ಇರಲಿ, ವಿಸ್ತೀರ್ಣವನ್ನು ಅಂತರದಿಂದ ಭಾಗಿಸಿದರೆ ಉದ್ದ ಸಿಗುತ್ತದೆ. ಹೊಲದಲ್ಲಿ ಎತ್ತುಗಳು ಎಷ್ಟು ದೂರ ನಡೆದವು ಎಂದು ಕುಂಟೆಯ ಅಗಲದಿಂದ ಲೆಕ್ಕ ಹಾಕುವುದೂ ಇದೇ ಸೂತ್ರದಿಂದ.

ಈ ಲೆಕ್ಕಕ್ಕೆ ಇನ್ನೊಂದು ಉಪಯೋಗವಿದೆ, ಅದು ಪಾಠಕ್ಕಿಂತ ದೊಡ್ಡದು. ಒಂದು ಹೊಲಿಗೆಗೆ 5 ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ ಇಡೀ ಕೌದಿಗೆ 19 ತಾಸಿಗಿಂತ ಹೆಚ್ಚು ಬೇಕು. ದಿನಕ್ಕೆ 8 ತಾಸು ದುಡಿದರೆ ಸುಮಾರು ಎರಡೂವರೆ ದಿನ. ಬಟ್ಟೆ ಕತ್ತರಿಸಿ ಜೋಡಿಸುವ ಹೊತ್ತನ್ನು ಸೇರಿಸಿದರೆ ಮೂರು ದಿನ. ಕೌದಿ ಹೊಲಿಯುವವರು ಬಾಗಿಲಿಗೆ ಬಂದಾಗ ಕೂಲಿಗಾಗಿ ಚೌಕಾಸಿ ಮಾಡುವ ಮುನ್ನ ಈ ಮೂರು ದಿನವನ್ನು ನೆನೆಯಬೇಕು. ಗದ್ದೆಯಲ್ಲಿ, ಕಟ್ಟಡದ ಕೆಲಸದಲ್ಲಿ ಮೂರು ದಿನಕ್ಕೆ ಎಷ್ಟು ಕೂಲಿ ಸಿಗುತ್ತದೋ ಕೌದಿಗೂ ಅಷ್ಟಾದರೂ ಸಿಗಬೇಡವೇ? ಬಟ್ಟೆ ಹಳೆಯದು, ದುಡಿಮೆ ಹಳೆಯದಲ್ಲ. ಕೈಕೆಲಸಗಳು ನಶಿಸುತ್ತಿವೆ ಎಂದು ಮರುಗುವುದಕ್ಕಿಂತ ಮೊದಲು ಈ ಸರಳ ಗುಣಾಕಾರ ಮಾಡುವುದು ಒಳ್ಳೆಯದು.

ಅಂತರಪಟದ ಎರಡು ಮುಖ

ಮದುವೆ ಮನೆಗೆ ಕೈಯಿಂದ ಹೊಲಿಯಬಹುದಾದ ಇನ್ನೊಂದು ವಸ್ತು ಅಂತರಪಟ. ಮುಹೂರ್ತದವರೆಗೆ ವಧೂವರರ ನಡುವೆ ಹಿಡಿಯುವ ಬಟ್ಟೆ ಇದು. ಒಂದೂವರೆ ಮೀಟರ್ ಬಿಳಿಯ ಹತ್ತಿ ಬಟ್ಟೆ ಸಾಕು. ಇದರ ಮೇಲೆ ಧಾರವಾಡ ಸೀಮೆಯ ಕಸೂತಿ ಹಾಕಿದರೆ ಅದರ ಚೆಲುವೇ ಬೇರೆ.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗಾವಂತಿ, ಮುರ್ಗಿ, ನೇಗಿ ಮತ್ತು ಮೆಂತಿ. ನೇಗಿ ನೇಯ್ಗೆಯಂತೆ ಕಾಣುತ್ತದೆ, ಮೆಂತಿ ಗುಣಿಸುವ ಚಿಹ್ನೆಯಂತೆ, ಮುರ್ಗಿ ಮೆಟ್ಟಿಲಿನಂತೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ನೂಲಿನ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳನ್ನು ಮೂಡಿಸುವುದು ಇದರ ಹೆಚ್ಚುಗಾರಿಕೆ. ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಿ ಮದುಮಗಳಿಗೆ ಕೊಡುವ ಸಂಪ್ರದಾಯ ಆ ಭಾಗದಲ್ಲಿತ್ತು. ಇಂದು ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ.

ಅಂತರಪಟಕ್ಕೆ ಹೇಳಿ ಮಾಡಿಸಿದ್ದು ಗಾವಂತಿ. ಆ ಬಟ್ಟೆಯ ಒಂದು ಕಡೆ ವಧು, ಇನ್ನೊಂದು ಕಡೆ ವರ. ಯಾರೊಬ್ಬರಿಗೂ ದಾರದ ಗಂಟು, ಅಡ್ಡಾದಿಡ್ಡಿ ಎಳೆ ಕಾಣಬಾರದು. ಗಾವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿಗೆ ಬೀಳುತ್ತದೆ. ಮೇಲ್ಗಡೆ ಖಾಲಿ ಉಳಿದ ಜಾಗ ಬೆನ್ನ ಕಡೆ ತುಂಬಿರುತ್ತದೆ. ಅದೇ ದಾರಿಯಲ್ಲಿ ಮರಳಿ ಬರುವಾಗ ಎರಡೂ ಕಡೆಯ ಖಾಲಿ ಜಾಗಗಳು ತುಂಬಿಕೊಳ್ಳುತ್ತವೆ. ದಾರ ಹೊರಟಲ್ಲಿಗೇ ಬಂದು ಸೇರುತ್ತದೆ. ಎರಡು ಮುಖವೂ ಒಂದೇ ಅಚ್ಚುಕಟ್ಟು.

ಯಾವ ಚಿತ್ರವಾದರೂ ಹೀಗೆ ಹೊರಟಲ್ಲಿಗೇ ಬಂದು ಮುಗಿಯುತ್ತದೆಯೇ? ಈ ಪ್ರಶ್ನೆಗೆ ಉತ್ತರ 1736ರಷ್ಟು ಹಳೆಯದು. ಯುರೋಪಿನ ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ, ಅಂದರೆ ಈಗಿನ ರಷ್ಯದ ಕಲಿನಿನ್‌ಗ್ರಾದ್‌ನಲ್ಲಿ, ನದಿಯ ಮೇಲೆ ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಲು ಸಾಧ್ಯವೇ ಎಂಬುದು ಜನರ ಒಗಟು. ಸಾಧ್ಯವಿಲ್ಲ ಎಂದು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ತೋರಿಸಿಕೊಟ್ಟ. ಹೊರಟಲ್ಲಿಗೇ ಬಂದು ಸೇರಬೇಕಾದರೆ ಪ್ರತಿ ಕೂಡುವ ಜಾಗದಲ್ಲೂ ದಾರಿಗಳ ಸಂಖ್ಯೆ ಸಮ ಸಂಖ್ಯೆಯಾಗಿರಬೇಕು. ಒಳಗೆ ಬಂದಷ್ಟೇ ಸಲ ಹೊರಗೆ ಹೋಗಬೇಕಲ್ಲವೇ?

ಗಾವಂತಿಯಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹಾಗಾಗಿ ಎಲ್ಲ ಬಿಂದುಗಳಲ್ಲೂ ಲೆಕ್ಕ ಎರಡು ಪಟ್ಟಾಗಿ ಸಮ ಸಂಖ್ಯೆಯೇ ಆಗುತ್ತದೆ. ಗೆರೆಗಳು ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಹೊಲಿದು ಹೊರಟಲ್ಲಿಗೆ ಬರಬಹುದು. ಕೂಡಿಸುವ ಚಿಹ್ನೆಯನ್ನು ಪೆನ್ಸಿಲ್ ಎತ್ತದೆ, ಗೆರೆಯ ಮೇಲೆ ಗೆರೆ ಬರೆಯದೆ ಬಿಡಿಸಲು ಬರುವುದಿಲ್ಲ. ಸೂಜಿದಾರದಿಂದ ಬರುತ್ತದೆ. ನಡುವಿನಿಂದ ಹೊರಟು ಒಂದು ತೋಳಿನ ತುದಿಯವರೆಗೆ ಹೋಗಿ, ಅದೇ ತೋಳಿನ ಬೆನ್ನಿನ ಮೇಲೆ ಮರಳಿ, ಮುಂದಿನ ತೋಳಿಗೆ ಸಾಗಿದರಾಯಿತು. ಆಯ್ಲರನ ಹೆಸರು ಕೇಳದ ಹೆಣ್ಣುಮಕ್ಕಳು ಈ ನಿಯಮವನ್ನು ಬೆರಳಿನಿಂದ ತಿಳಿದಿದ್ದರು.

ಅಂತರಪಟಕ್ಕೆ ಚಿತ್ರ ಆರಿಸುವಾಗ ಒಂದು ಎಚ್ಚರ ಬೇಕು. ಬಟ್ಟೆಯ ಹಿಂಬದಿಯಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿ ಕಾಣುತ್ತದೆ. ಸ್ವಸ್ತಿಕವನ್ನು ಗಾವಂತಿಯಲ್ಲಿ ಹೊಲಿದರೆ ಒಂದು ಕಡೆಯವರಿಗೆ ಅದು ಉಲ್ಟಾ ತಿರುಗಿರುತ್ತದೆ. ಹೆಸರು ಬರೆದರೂ ಅದೇ ಗತಿ. ಗೋಪುರ, ತುಳಸಿಕಟ್ಟೆ, ದೀಪ, ಎದುರುಬದುರು ಕೂತ ಎರಡು ಗಿಳಿಗಳು, ಇವು ಎಡಬಲ ಸಮವಾಗಿರುವುದರಿಂದ ಎರಡು ಕಡೆಗೂ ಒಂದೇ ರೀತಿ ಕಾಣುತ್ತವೆ. ಸ್ವಸ್ತಿಕವೇ ಬೇಕೆನ್ನುವವರು ಎರಡು ಬಟ್ಟೆಗಳ ಮೇಲೆ ಬೇರೆ ಬೇರೆಯಾಗಿ ಹೊಲಿದು ಬೆನ್ನಿಗೆ ಬೆನ್ನು ಸೇರಿಸಬೇಕು. ಸಮ್ಮಿತಿ ಎಂಬ ಪಾಠ ಓದಿದ ಮಕ್ಕಳಿಗೆ ಯಾವ ಚಿತ್ರ ಆಗುತ್ತದೆ, ಯಾವುದು ಆಗದು ಎಂದು ವಿಂಗಡಿಸುವುದೇ ಒಳ್ಳೆಯ ಆಟ. ಹಿರಿಯ ಮಗಳ ಮದುವೆಗೆ ಹೊಲಿದ ಅಂತರಪಟವನ್ನು ಜೋಪಾನ ಮಾಡಿದರೆ ತಮ್ಮತಂಗಿಯರ ಮದುವೆಗೂ ಅದೇ ಆಗುತ್ತದೆ.

ಮನೆಯಲ್ಲಿ ಹೊಲಿಯುವ ಬಗೆ

ಕೌದಿ ಹೊಲಿಯಲು ಬೇಸಿಗೆ ರಜೆ ತಕ್ಕ ಕಾಲ. ಮೊದಲು ಮಾಡಬೇಕಾದದ್ದು ಬಟ್ಟೆಗಳ ವಿಂಗಡಣೆ. ಹತ್ತಿಯವನ್ನು ಒಂದು ಕಡೆ, ನೈಲಾನ್ ಮತ್ತು ಪಾಲಿಯೆಸ್ಟರ್‌ಗಳನ್ನು ಇನ್ನೊಂದು ಕಡೆ ಇಡಬೇಕು. ಎರಡನ್ನೂ ಒಂದೇ ಕೌದಿಯಲ್ಲಿ ಬೆರೆಸಬಾರದು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ಜಾಳಾದ ಭಾಗಗಳನ್ನು ಒಳಪದರಕ್ಕೆ, ಗಟ್ಟಿಯಾದವನ್ನು ಮೇಲಕ್ಕೆ ಕೆಳಕ್ಕೆ ಇಟ್ಟುಕೊಳ್ಳಬೇಕು. ಬಣ್ಣ ಬಿಡುವ ಬಟ್ಟೆಯೇ ಎಂದು ತಿಳಿಯಲು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿದರೆ ಸಾಕು. ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು.

ಅನಂತರ ಗುಡಿಸಿ ಒರೆಸಿದ ನೆಲದ ಮೇಲೆ ಕೆಳಪದರ ಹಾಸಿ, ಸುಕ್ಕು ತೆಗೆದು, ನಾಲ್ಕು ಮೂಲೆಗೆ ಭಾರ ಇಡಬೇಕು. ಅದರ ಮೇಲೆ ಒಳಪದರ, ಮೇಲ್ಪದರ. ಸಾಲು ಹೊಲಿಗೆ ಶುರುಮಾಡುವ ಮೊದಲು ಒಂದೊಂದು ಗೇಣಿಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದಿಡಬೇಕು. ಕೊನೆಗೆ ಅದನ್ನು ಬಿಚ್ಚಿದರಾಯಿತು. ಈ ಹಂತವನ್ನು ಬಿಟ್ಟರೆ ಅರ್ಧ ಹೊಲಿದ ಮೇಲೆ ಬಟ್ಟೆ ಒಂದು ಕಡೆ ಗುಡ್ಡೆಯಾಗುತ್ತದೆ.

ದಾರ ಹತ್ತಿಯದೇ ಇರಲಿ, ತುಸು ದಪ್ಪನೆಯದಿರಲಿ. ಕಲಿಯುವವರು ಒಂದು ಸಲಕ್ಕೆ ಎರಡು ಮೊಳಕ್ಕಿಂತ ಹೆಚ್ಚು ದಾರ ಪೋಣಿಸಬಾರದು, ಸಿಕ್ಕುಗಟ್ಟುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಅದರ ನವಿರು ಎಳೆಗಳು ಕೂತು ಸಲೀಸಾಗಿ ಓಡುತ್ತದೆ. ಸೂಜಿಯನ್ನು ಒತ್ತುವ ಬೆರಳಿಗೆ ಲೋಹದ ಟೊಪ್ಪಿಗೆ ಹಾಕಿಕೊಳ್ಳಬೇಕು. ಕೆಲಸ ನಿಲ್ಲಿಸುವಾಗ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುವ ಅಭ್ಯಾಸ ಇರಲಿ. ಹೊದಿಕೆಯಲ್ಲಿ ಸೂಜಿ ಮರೆತು ಉಳಿದರೆ ಅಪಾಯ.

ನಾಲ್ಕು ಜನ ನಾಲ್ಕು ಕಡೆ ಕೂತರೆ ಮೇಲೆ ಹೇಳಿದ 19 ತಾಸು ಒಬ್ಬೊಬ್ಬರ ಪಾಲಿಗೆ 5 ತಾಸಿಗೆ ಇಳಿಯುತ್ತದೆ. ದಿನಕ್ಕೆ ಅರ್ಧ ತಾಸಿನಂತೆ ಹತ್ತು ದಿನ. ಅಭ್ಯಾಸವಿಲ್ಲದವರಿಗೆ ಇದರ ಎರಡು ಪಟ್ಟು ಹಿಡಿದರೂ ಒಂದು ತಿಂಗಳೊಳಗೆ ಮದುವೆಯ ಕೌದಿ ಮುಗಿಯುತ್ತದೆ. ಅಷ್ಟು ಸಮಯವಿಲ್ಲದವರು 60 ಸೆಂಟಿಮೀಟರ್ ಚೌಕದ ತೊಟ್ಟಿಲ ಕೌದಿಯಿಂದ ಶುರುಮಾಡಬಹುದು.

ಉಳಿದ ಸೀರೆಗಳಿಂದ ತಾಂಬೂಲದ ಚೀಲಗಳನ್ನೂ ಹೊಲಿಯಬಹುದು. 40 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ತುಂಡನ್ನು ಮಡಚಿ ಎರಡು ಬದಿ ಹೊಲಿದರೆ ಒಂದು ಚೀಲ. ಒಂದು ಸೀರೆಯಲ್ಲಿ ಇಂಥ 54 ತುಂಡುಗಳು ಬರುತ್ತವೆ. ನಾಲ್ಕು ಸೀರೆಗೆ 200ಕ್ಕೂ ಹೆಚ್ಚು ಚೀಲ. ಬಂದವರಿಗೆ ತೆಂಗಿನಕಾಯಿ, ಎಲೆಅಡಿಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುವ ಬದಲು ಇದರಲ್ಲಿ ಕೊಟ್ಟರೆ, ಮುಂದೆ ಅದು ತರಕಾರಿಯ ಚೀಲವಾಗಿ ಎಷ್ಟೋ ದಿನ ಬಾಳುತ್ತದೆ.

ಯಾರು ಹೊಲಿಯಬೇಕು?

ಹೊಲಿಗೆ ಹೆಣ್ಣುಮಕ್ಕಳ ಕೆಲಸ ಎಂದು ಗಂಡುಮಕ್ಕಳನ್ನು ಎಬ್ಬಿಸಿ ಕಳಿಸುವ ತಾಯಂದಿರು ಒಂದು ಕ್ಷಣ ಪೇಟೆಯ ದರ್ಜಿ ಅಂಗಡಿಗಳನ್ನು ನೆನೆಯಬೇಕು. ಅಲ್ಲಿ ಮಷಿನ್ ತುಳಿಯುವವರಲ್ಲಿ ಗಂಡಸರು ಎಷ್ಟು ಮಂದಿ! ಹಣ ತರುವ ಹೊಲಿಗೆ ಗಂಡಿನದು, ಮನೆಯ ಹೊಲಿಗೆ ಹೆಣ್ಣಿನದು ಎಂಬ ಹಂಚಿಕೆಗೆ ಯಾವ ನ್ಯಾಯವೂ ಇಲ್ಲ. ಅಕ್ಕನ ಮದುವೆಯ ಕೌದಿಗೆ ತಮ್ಮನೂ ಹತ್ತು ಸಾಲು ಹೊಲಿದರೆ ಅವಳು ಅದನ್ನು ಎಂದಿಗೂ ಮರೆಯುವುದಿಲ್ಲ.

ಪರೀಕ್ಷೆ, ಟ್ಯೂಷನ್ ನಡುವೆ ಇದಕ್ಕೆಲ್ಲ ಸಮಯವೆಲ್ಲಿ ಎಂದು ಪಾಲಕರು ಕೇಳಬಹುದು. ಕೈಕೆಲಸದ ಮೂಲಕವೇ ಪಾಠ ಕಲಿಸಬೇಕು ಎಂಬ ವಿಚಾರವನ್ನು ಗಾಂಧೀಜಿ 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಮುಂದಿಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳಿಂದ ಕಲಿಯಬೇಕು ಎಂದಿತು. ಶಾಲೆಯಲ್ಲಿ ಅದು ನಡೆದೀತೋ ಇಲ್ಲವೋ, ಮದುವೆ ಮನೆಯಲ್ಲಿ ನಡೆಸಲು ಯಾರ ಸುತ್ತೋಲೆಯೂ ಬೇಕಿಲ್ಲ. ಅಲ್ಲಿ ಕಲಿಸುವವರು ಅಜ್ಜಿ, ಸೋದರತ್ತೆ, ಚಿಕ್ಕಮ್ಮ. ‘ಈ ಸೀರಿ ಯಾರ್ದು ಅಜ್ಜಿ?’ ಎಂದು ಮೊಮ್ಮಗಳು ಕೇಳಿದಳೆಂದರೆ ಸಾಕು, ಒಂದೊಂದು ಚೂರಿಗೂ ಒಂದೊಂದು ಸೀಮಂತ, ಜಾತ್ರೆ, ಬರಗಾಲ ನೆನಪಾಗುತ್ತವೆ. ಆ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಯಾವ ತುಂಡು ಯಾರದು ಎಂಬ ನಕ್ಷೆಯನ್ನೂ ಬರೆದು, ಕೌದಿಯ ಜೊತೆಗೇ ಮದುಮಗಳಿಗೆ ಕೊಡಬಹುದು.

ಮದುವೆಗೆಂದು ಸಾಲ ಮಾಡಿ ವರ್ಷಗಟ್ಟಲೆ ತೀರಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಬೀಗರು ಬೇಡಿ ಪಡೆಯುವ ಪಟ್ಟಿಯಲ್ಲಿ ಸೇರುವ ವಸ್ತು ಕೌದಿಯಲ್ಲ. ಅದಕ್ಕಾಗಿ ಯಾರೂ ಸಾಲ ಮಾಡಬೇಕಿಲ್ಲ. ಶ್ರೀಮಂತರ ಮನೆಯ ಕೌದಿಗೂ ಬಡವರ ಮನೆಯ ಕೌದಿಗೂ ಹಿಡಿಯುವ ಹೊಲಿಗೆ ಅಷ್ಟೇ.

ಬರುವ ರಜೆಗೆ ಮನೆಯಲ್ಲಿ ಮದುವೆ ಇದ್ದರೆ ಮೊದಲು ಅಟ್ಟದ ಟ್ರಂಕನ್ನು ಕೆಳಗಿಳಿಸಬೇಕು. ಪಾತ್ರೆಯವರು ಬೀದಿಗೆ ಬರುವುದರೊಳಗೆ ಹತ್ತಿಯ ಸೀರೆಗಳನ್ನು ಬೇರೆ ತೆಗೆದಿಡಬೇಕು. ಓಣಿಯಲ್ಲಿ ಕೌದಿ ಬಲ್ಲ ಹಿರಿಯರು ಯಾರಿದ್ದಾರೆಂದು ಮಕ್ಕಳೇ ವಿಚಾರಿಸಿಕೊಂಡು ಬರಲಿ. ಅವರು ಮೊದಲ ಸಾಲು ಹೊಲಿದು ತೋರಿಸಿದರೆ ಉಳಿದ 76 ಸಾಲು ಮನೆಯವರ ಪಾಲಿಗೆ.